ಮೂರು ಬೆರಳಿನ ಅಲಗು

“ಗುರುಗಳೇ, ಇನ್ನೊಂದು ಸಲ ಹೋಗಿ ಮಾತಾಡಲೇ, ಬೇಡವೇ?”

ಕೇಳಿದವನು ಆರು ವರ್ಷಗಳಿಂದ ಗುರುವಿನ ಜೊತೆಗಿದ್ದ ಶಿಷ್ಯ. ಹೊಳೆಯಾಚೆಯ ಊರಿನಲ್ಲಿ ಮೇಲಿನ ಕೇರಿಯವರು ಕೆಳಗಿನ ಕೇರಿಯವರಿಗೆ ಕೆರೆಗೆ ಇಳಿಯುವ ಮೆಟ್ಟಿಲು ಮುಚ್ಚಿದ್ದರು. ಶಿಷ್ಯ ಎರಡು ಸಲ ಅಲ್ಲಿಗೆ ಹೋಗಿ, ಊರ ನಡುವೆ ನಿಂತು ಮಾತಾಡಿ ಬಂದಿದ್ದ. ಮೆಟ್ಟಿಲು ಮುಚ್ಚಿಯೇ ಇತ್ತು.

“ಏನು ಮಾತಾಡಿದೆ?” ಗುರು ಕೇಳಿದರು.

“ನಿಮ್ಮ ಗುರುಗಳು ಆಡುತ್ತಿದ್ದ ಮಾತುಗಳನ್ನೇ ಆಡಿದೆ. ಒಂದಕ್ಷರ ಬಿಡಲಿಲ್ಲ. ಸಿಡಿಲಿನಂಥ ಮಾತುಗಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.”

“ಕೂತುಕೋ,” ಎಂದರು ಗುರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಗುಡ್ಡದ ಬುಡದಲ್ಲಿ ಬೇಟೆಗಾರರ ಹಟ್ಟಿ ಇತ್ತು. ನೆಲ ಕಲ್ಲು. ಬೆಳೆಯುತ್ತಿದ್ದದ್ದು ಕಡಿಮೆ. ಬಿಲ್ಲು ಬಾಣ ಹಿಡಿದು ಜಿಂಕೆ ಹೊಡೆದು ತಂದರೆ ಊಟ, ಇಲ್ಲದಿದ್ದರೆ ಅಂಬಲಿ. ಕೊಂದು ತಿನ್ನುವುದರಲ್ಲಿ ಅವರಿಗೆ ನಾಚಿಕೆ ಇರಲಿಲ್ಲ. ಅವರು ನಾಚುತ್ತಿದ್ದದ್ದು ಒಂದಕ್ಕೇ. ಬಾಣ ತಗುಲಿದ ಜಿಂಕೆ ಕೈಗೆ ಸಿಗದೆ ಹೋಗಬಾರದು. ಹಾಗೆ ಹೋದರೆ ಹೊಡೆದವನು ತನ್ನ ಬಿಲ್ಲಿಗೆ ಕಪ್ಪು ದಾರವನ್ನು ಒಂದು ಸುತ್ತು ಸುತ್ತಬೇಕು. ಮೂರನೆಯ ಸುತ್ತು ಬಿದ್ದ ದಿನ ಬಿಲ್ಲನ್ನು ಹಟ್ಟಿಯ ಯಜಮಾನನ ಕೈಗೆ ಒಪ್ಪಿಸಬೇಕು. ಅಲ್ಲಿಂದ ಮುಂದೆ ಅವನು ಬೇಟೆಗಾರನಲ್ಲ. ಸಾಯುವವರೆಗೂ ಕೋಲು ಹಿಡಿದು ಪೊದೆ ಬಡಿದು ಬೇರೆಯವರಿಗೆ ಜಿಂಕೆ ಎಬ್ಬಿಸಿಕೊಡುವುದೇ ಅವನ ಪಾಡು.

ಅದೇ ಹಟ್ಟಿಯಲ್ಲಿ ಇನ್ನೊಂದು ರೂಢಿಯೂ ಇತ್ತು. ಬಾಣದ ತುದಿಗೆ ಸಿಕ್ಕಿಸುವ ಅಲಗು ಮೂರು ಬೆರಳು ಅಗಲ ಇರಬೇಕು. ಹೆಣ್ಣು ಕೊಡಲು ಬಂದವರು ಗಂಡಿನ ಮುಖ ನೋಡುವ ಮೊದಲು ಬತ್ತಳಿಕೆ ನೋಡುತ್ತಿದ್ದರು. ಒಂದೊಂದೇ ಅಲಗಿನ ಮೇಲೆ ಬೆರಳಿಟ್ಟು ಅಳೆಯುತ್ತಿದ್ದರು. ಎರಡೇ ಬೆರಳಿದ್ದರೆ, “ಇವನು ಇನ್ನೂ ಸೊಪ್ಪು ಕೊಯ್ಯುತ್ತಿದ್ದಾನೆ,” ಎಂದು ಎದ್ದು ಹೋಗುತ್ತಿದ್ದರು.

ಈ ಅಳತೆ ಇಟ್ಟವನು ಯಜಮಾನನ ಅಜ್ಜ. ಅವನ ಬಿಲ್ಲನ್ನು ಬೇರೆ ಯಾರಿಗೂ ಎಳೆಯಲು ಆಗುತ್ತಿರಲಿಲ್ಲವಂತೆ. ಅವನ ಅಲಗನ್ನು ಯಜಮಾನನ ಬಾಗಿಲ ಮೇಲೆ ಬಡಿದಿದ್ದರು. ಯಜಮಾನ ಮಾತ್ರ ಬಿಲ್ಲು ಮುಟ್ಟಿ ಇಪ್ಪತ್ತು ವರ್ಷವಾಗಿತ್ತು. ಕೂತಲ್ಲಿಂದಲೇ ಅಳತೆ ಹೇಳುತ್ತಿದ್ದ. ಬಾಣ ಬಿಡದವನು ಅಲಗಿನ ಅಗಲ ನಿಶ್ಚಯಿಸುವುದು, ನೀರು ಹೊರದವನು ಕೆರೆಗೆ ಬೀಗ ಹಾಕುವುದು, ಇಂಥವು ಎಲ್ಲ ಊರಿನಲ್ಲೂ ನಡೆಯುತ್ತವೆ. ನಡೆಸುವವರಿಗಿಂತ ನಡೆಯಲು ಬಿಡುವವರ ಮೇಲೆ ನನಗೆ ಸಿಟ್ಟು ಹೆಚ್ಚು.

ಆ ಹಟ್ಟಿಯ ಒಬ್ಬ ಬೇಟೆಗಾರನ ಹೆಸರು ಪಾಲಯ್ಯ. ಒಳ್ಳೆಯ ಗುರಿಕಾರ. ಜೇನು ಕೀಳಲು ಹೋಗಿ ಬಂಡೆಯಿಂದ ಬಿದ್ದು ಬಲಭುಜ ಮುರಿದುಕೊಂಡ. ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಮೊದಲು ಕಿವಿಯವರೆಗೆ ಎಳೆಯುತ್ತಿದ್ದ ಹೆದೆ ಈಗ ಎದೆಯ ಹತ್ತಿರವೇ ನಿಂತುಬಿಡುತ್ತಿತ್ತು. ಅವನು ಯಾರಿಗೂ ಹೇಳಲಿಲ್ಲ. ಒಂದು ಮಧ್ಯಾಹ್ನ ಮನೆಯ ಹಿಂದೆ ಒಬ್ಬನೇ ಕೂತು, ಚೂರಿಯಿಂದ ಬಿಲ್ಲಿನ ಹೊಟ್ಟೆಯನ್ನು, ಅಂದರೆ ಒಳಮೈಯನ್ನು, ಹೆರೆದ. ಹೆದೆ ಕಿವಿಗೆ ಬರುವವರೆಗೂ ಹೆರೆದ. ಹೆರೆದ ಗುರುತು ಕಾಣದಂತೆ ಮಸಿ, ಎಣ್ಣೆ ಕಲಸಿ ಬಳಿದ. ಬಿಲ್ಲು ಬಡವಾಯಿತು. ಅಲಗು ಮಾತ್ರ ಮೂರು ಬೆರಳಿನದೇ ಉಳಿಯಿತು. ಅಲಗು ಅಗಲವಾಗಿದ್ದರೆ ಬಿಲ್ಲಿನ ಕಡೆ ಯಾರೂ ನೋಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಮುಂದಿನ ಬೇಟೆಯಲ್ಲಿ ಅವನ ಬಾಣ ಜಿಂಕೆಗೆ ತಗುಲಬೇಕಾದ ಜಾಗಕ್ಕೇ ತಗುಲಿತು. ಜಿಂಕೆ ಬೀಳಲಿಲ್ಲ. ಬಾಣವನ್ನು ಪಕ್ಕೆಯಲ್ಲಿ ನೇತಾಡಿಸಿಕೊಂಡು ಓಡಿಹೋಯಿತು. ಎರಡು ದಿನ ಹುಡುಕಿದರು, ಸಿಗಲಿಲ್ಲ. ಒಂದು ಸುತ್ತು ದಾರ. ಅದರ ಮುಂದಿನ ಬೇಟೆಯಲ್ಲೂ ಹಾಗೆಯೇ ಆಯಿತು. ಎರಡನೆಯ ಸುತ್ತು.

ಇನ್ನೊಂದು ಸುತ್ತಾದರೆ ಬಿಲ್ಲು ಹೋಗುತ್ತದೆ. ಹಟ್ಟಿಯ ಮುಂದಿನ ಬೇಟೆಗೆ ಇಪ್ಪತ್ತು ದಿನ ಉಳಿದಿತ್ತು. ಪಾಲಯ್ಯನಿಗೆ ಅನ್ನ ಇಳಿಯಲಿಲ್ಲ. ತನ್ನ ತಪ್ಪು ತನಗೆ ಗೊತ್ತಿರುವವನು ಮೊದಲು ಮಾಡುವ ಕೆಲಸವನ್ನೇ ಅವನೂ ಮಾಡಿದ. ಬೈಯಲು ಇನ್ನೊಬ್ಬರನ್ನು ಹುಡುಕಿಕೊಂಡು ಹೋದ.

ಅಲಗು ಮಾಡಿಕೊಡುತ್ತಿದ್ದವಳು ಒಬ್ಬ ಹೆಂಗಸು. ಗಂಡ ಸತ್ತ ಮೇಲೆ ಕುಲುಮೆಯನ್ನು ತಾನೇ ನಡೆಸುತ್ತಿದ್ದಳು. ಸೊಸೆ ತಿದಿ ಒತ್ತುತ್ತಿದ್ದಳು, ಇವಳು ಸುತ್ತಿಗೆ ಹಿಡಿಯುತ್ತಿದ್ದಳು. ಹಟ್ಟಿಯವರೆಲ್ಲ ಅವಳನ್ನು ಕುಲುಮೆಯಕ್ಕ ಎನ್ನುತ್ತಿದ್ದರು.

“ಅಕ್ಕಾ, ನಿನ್ನ ಅಲಗು ಮೊಂಡು,” ಎಂದ ಪಾಲಯ್ಯ. “ನಿನ್ನಿಂದ ಎರಡು ಜಿಂಕೆ ಕಳೆದುಕೊಂಡೆ.”

ಅವಳು ಅವನ ಬತ್ತಳಿಕೆಯಿಂದ ಒಂದು ಬಾಣ ಎಳೆದು, ಅಲಗನ್ನು ತನ್ನ ಮುಂಗೈ ಮೇಲೆ ಆಡಿಸಿದಳು. ಕೂದಲು ಉದುರಿತು.

“ಮೊಂಡೇ?”

ಅವನು ಬಾಣ ಇಸಿದುಕೊಂಡು ಬತ್ತಳಿಕೆಗೆ ಹಾಕಿದ.

“ಆ ಎರಡು ಜಿಂಕೆ ಎಲ್ಲಿ ಬಿದ್ದಿವೆ?”

“ಗೊತ್ತಿದ್ದರೆ ನಿನ್ನ ಹತ್ತಿರ ಯಾಕೆ ಬರುತ್ತಿದ್ದೆ?”

“ಹಾಗಾದರೆ ಹೋಗಿ ಹುಡುಕು. ನನ್ನ ಅಲಗು ಎಲ್ಲಿಗೆ ಹೋಗಿ ನಿಂತಿದೆ ಅಂತ ಕಣ್ಣಾರೆ ನೋಡಿಕೊಂಡು ಬಾ. ನೋಡದೆ ಇನ್ನೊಂದು ಸಲ ಬೈದೆಯೋ, ಇಕ್ಕಳದಲ್ಲಿ ನಾಲಿಗೆ ಹಿಡಿಯುತ್ತೇನೆ.”

ಎರಡು ದಿನ ಕಳೆದ ಮೇಲೆ ಗಾಯದ ಜಿಂಕೆಯನ್ನು ಹುಡುಕುವ ಪದ್ಧತಿ ಆ ಹಟ್ಟಿಯಲ್ಲಿ ಇರಲಿಲ್ಲ. ದಾರ ಸುತ್ತಿದರೆ ಮುಗಿಯಿತು. ಶಿಕ್ಷೆ ಆಯಿತಲ್ಲ, ಇನ್ನೇನು? ಜಿಂಕೆಗೆ ಏನಾಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ಪಾಲಯ್ಯ ಕೇಳಬೇಕಾಯಿತು. ಬುತ್ತಿ ಕಟ್ಟಿಕೊಂಡು ಗುಡ್ಡ ಹತ್ತಿದ. ಮೂರು ದಿನ ಏನೂ ಸಿಗಲಿಲ್ಲ. ನಾಲ್ಕನೆಯ ದಿನ ದೂರದ ಒಂದು ಕೊರಕಲಿನಲ್ಲಿ, ನೀರು ಜಿನುಗುವ ಜಾಗದ ಪಕ್ಕ, ಒಂದು ಜಿಂಕೆಯ ಮೂಳೆಗಳು ಸಿಕ್ಕವು.

ಅಲಗು ಪಕ್ಕೆಲುಬುಗಳ ಮೇಲೆ ಅಡ್ಡವಾಗಿ ಕೂತಿತ್ತು. ಒಂದು ಎಲುಬು ಸೀಳಿತ್ತು. ಅಷ್ಟೇ. ಅರ್ಧ ಬೆರಳಿನಷ್ಟು ಆಳವೂ ಹೋಗಿರಲಿಲ್ಲ. ಜಿಂಕೆ ಬೇಗ ಸತ್ತಿರಲಿಲ್ಲ. ಬಿದ್ದಲ್ಲೇ ಎಷ್ಟೋ ದಿನ ಬದುಕಿತ್ತು. ಅದರ ಬಾಯಿಗೆ ಎಟುಕುವಷ್ಟು ದೂರ, ಸುತ್ತಲೂ, ಹುಲ್ಲನ್ನು ಬುಡದವರೆಗೂ ಕಚ್ಚಿತ್ತು. ಎಟುಕದ ಹುಲ್ಲು ಮೊಣಕಾಲುದ್ದ ಹಾಗೇ ನಿಂತಿತ್ತು.

ಪಾಲಯ್ಯ ಅಲ್ಲೇ ಕುಕ್ಕರಗಾಲಿನಲ್ಲಿ ಕೂತ. ಕಚ್ಚಿದ ಹುಲ್ಲಿನ ಬುಡಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದ. ಬುತ್ತಿ ಬಿಚ್ಚಲಿಲ್ಲ. ಆ ಎಲುಬನ್ನೂ ಅಲಗನ್ನೂ ಟವಲಿನಲ್ಲಿ ಸುತ್ತಿಕೊಂಡು ಇಳಿದು ಬಂದ.

ಕುಲುಮೆಯಕ್ಕ ಎಲುಬನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಬಿಲ್ಲು ಕೊಡು ಎಂದು ಕೈ ಚಾಚಿದಳು. ಅದರ ಹೊಟ್ಟೆಯ ಮೇಲೆ ಹೆಬ್ಬೆರಳು ಉಜ್ಜಿದಳು. ಹೆಬ್ಬೆರಳು ಕಪ್ಪಾಯಿತು.

“ಹೆರೆದಿದ್ದೀಯ.”

“ಯಾರಿಗೂ ಹೇಳಬೇಡ ಅಕ್ಕಾ. ಕಾಲಿಗೆ ಬೀಳುತ್ತೇನೆ.”

“ಜಿಂಕೆಗೆ ಗೊತ್ತಾಗಿ ಹೋಗಿದೆಯಲ್ಲ, ಇನ್ನು ಯಾರಿಂದ ಮುಚ್ಚಿಡುತ್ತೀಯ?” ಎಂದಳು. “ಹೆರೆದದ್ದು ತಪ್ಪಲ್ಲ ಕಣಪ್ಪ. ಭುಜ ಮುರಿದವನು ಹೆರೆಯಲೇಬೇಕು. ಬಿಲ್ಲನ್ನು ನಿನ್ನ ಭುಜಕ್ಕೆ ಸರಿಮಾಡಿದೆ. ಅಲಗನ್ನು ಬಿಲ್ಲಿಗೆ ಸರಿಮಾಡಲಿಲ್ಲ. ಅದನ್ನು ಯಜಮಾನನ ಬಾಗಿಲಿಗೆ ಸರಿಮಾಡಿದೆ.”

ಅವಳು ಹಸಿ ತೊಗಲನ್ನು ನೀರಿನಲ್ಲಿ ಅದ್ದಿ, ಪಕ್ಕೆಲುಬಿನಂತೆ ಕಟ್ಟಿದ ಬಿದಿರಿನ ದಬ್ಬೆಗಳ ಮೇಲೆ ಬಿಗಿದಳು. ಅದರ ಹಿಂದೆ ಒದ್ದೆ ಜೇಡಿಮಣ್ಣಿನ ಮೂಟೆ ಇಟ್ಟಳು. ಇಪ್ಪತ್ತು ಹೆಜ್ಜೆಯಿಂದ ಹೊಡೆ ಎಂದಳು. ಮೂರು ಬೆರಳಿನ ಅಲಗು ತೊಗಲನ್ನು ದೊಡ್ಡದಾಗಿ ಹರಿದು, ದಬ್ಬೆಗೆ ಬಡಿದು ಕೆಳಗೆ ಬಿತ್ತು.

“ನೋಡು. ಅಲಗು ಅಗಲವಾದಷ್ಟೂ ಗಾಯ ದೊಡ್ಡದು, ನಿಜ. ಒಳಗೆ ಹೋದರೆ ತಾನೆ? ಅಗಲಕ್ಕೆ ಬಲ ಬೇಕು. ಬಲ ಇಲ್ಲದ ಅಗಲ ಬರೀ ಹಿಂಸೆ.”

ಆಮೇಲೆ ಬೇರೆ ಅಲಗು ಮಾಡಿದಳು. ಒಂದೂವರೆ ಬೆರಳು ಅಗಲ. ಬಿದಿರೆಲೆಯ ಹಾಗೆ ಉದ್ದ. ಎರಡೂ ಕಡೆ ಅಂಚು, ಮೊನೆಯಿಂದಲೇ ಕೊಯ್ಯುವಂಥದ್ದು. ತೂಕ ಮೊದಲಿನಷ್ಟೇ, ಬಾಣ ದಾರಿ ತಪ್ಪಬಾರದು ಅಂತ. ಹಿಂದಕ್ಕೆ ಬಾಗಿದ ಕೊಕ್ಕೆ ಇಡು, ಕಳಚದೆ ಉಳಿಯುತ್ತದೆ ಎಂದು ಪಾಲಯ್ಯ ಕೇಳಿದ್ದಕ್ಕೆ ಅವಳಿಗೆ ರೇಗಿತು. “ನಿನ್ನ ಗುರಿ ತಪ್ಪಿದರೆ ಜಿಂಕೆ ಜನ್ಮವೆಲ್ಲ ನನ್ನ ಕಬ್ಬಿಣ ಹೊತ್ತು ತಿರುಗಬೇಕೋ? ಉದುರಿ ಹೋಗಲಿ, ಗಾಯ ಮಾಯಲಿ, ಬದುಕಿಕೊಳ್ಳಲಿ.”

ಹೊಸ ಅಲಗು ತೊಗಲು ದಾಟಿ, ದಬ್ಬೆಗಳ ಸಂದು ದಾಟಿ, ಗರಿಯವರೆಗೂ ಮಣ್ಣಿಗೆ ಇಳಿಯಿತು.

ಆ ಹಟ್ಟಿಯವರು ಪಳಗುತ್ತಿದ್ದದ್ದು ಮರದ ಮೊಂಡು ಬಾಣದಲ್ಲಿ, ಬೇಟೆಗೆ ಒಯ್ಯುತ್ತಿದ್ದದ್ದು ಉಕ್ಕಿನ ಅಲಗನ್ನು. ಅದನ್ನೂ ಅವಳು ಬಿಡಿಸಿದಳು. ಬೇಟೆಗೆ ಒಯ್ಯುವ ಅಲಗಿನಲ್ಲೇ ದಿನವೂ ಮಣ್ಣಿನ ಮೂಟೆಗೆ ಹೊಡೆಸಿದಳು, ದಿನವೂ ಸಾಣೆ ಹಿಡಿಸಿದಳು. ಬೇಟೆಯ ಹಿಂದಿನ ದಿನ ಹೇಳಿದಳು: “ಎದುರು ನಿಂತ ಜಿಂಕೆಗೆ ಬಿಡಬೇಡ. ಪಕ್ಕೆ ಕೊಟ್ಟು ನಿಂತಾಗ, ಮುಂಗಾಲಿನ ಹಿಂದೆ. ಇಲ್ಲದಿದ್ದರೆ ಬಿಡಲೇಬೇಡ. ಬರಿಗೈಲಿ ಬಂದರೆ ನಿನ್ನ ಹೆಂಡತಿ ಬೈಯುತ್ತಾಳೆ, ಬೈಗುಳಕ್ಕೆ ಯಾರೂ ಸತ್ತಿಲ್ಲ. ಬಾಣ ಬಿಟ್ಟ ಮೇಲೆ ಬೆನ್ನಟ್ಟಬೇಡ. ಒಂದು ವೀಳ್ಯ ಹಾಕಿಕೊಂಡು, ಅದು ಮುಗಿಯುವವರೆಗೂ ಕೂತಿರು. ಓಡಿಸಿದರೆ ಓಡುತ್ತದೆ. ಬಿಟ್ಟರೆ ಮಲಗುತ್ತದೆ.”

ಬೇಟೆಯ ಬೆಳಗ್ಗೆ ಹನ್ನೊಂದು ಜನ ಬಿಲ್ಲು ಹಿಡಿದು ನಿಂತರು. ಯಜಮಾನನೂ ಬಂದ, ಬಂಡೆಯ ಮೇಲೆ ಕೂತು ನೋಡಲು. ಯಾರೋ ಪಾಲಯ್ಯನ ಬತ್ತಳಿಕೆಯಿಂದ ಒಂದು ಬಾಣ ಎಳೆದು ಎತ್ತಿ ಹಿಡಿದ.

“ಏನೋ ಪಾಲಯ್ಯ, ಕೌದಿ ಹೊಲಿಯಲು ಹೊರಟೆಯೋ?”

“ಬಿಡು ಮಾವ, ಜಿಂಕೆಗೆ ಮುಳ್ಳು ತೆಗೆಯುತ್ತಾನಂತೆ!”

ನಗು ಗುಡ್ಡಕ್ಕೆ ಕೇಳಿಸುವಷ್ಟು ಆಯಿತು. ಪಾಲಯ್ಯ ಬಾಣ ಕಿತ್ತುಕೊಂಡು ತನ್ನ ಜಾಗಕ್ಕೆ ಹೋಗಿ ನಿಂತ. ಕಿವಿ ಸುಡುತ್ತಿತ್ತು. ಹಳೆಯ ಅಲಗು ಒಂದನ್ನಾದರೂ ತರಬೇಕಿತ್ತು ಎನ್ನಿಸಿತು. ಕೂಡಲೇ ಆ ಹುಲ್ಲಿನ ಬುಡಗಳು ನೆನಪಾದವು.

ಪೊದೆ ಬಡಿಯುವವರ ಕೂಗು ಹತ್ತಿರವಾಯಿತು. ಒಂದು ಗಂಡು ಜಿಂಕೆ ಹೊರಗೆ ಬಂದು, ಇಪ್ಪತ್ತು ಹೆಜ್ಜೆ ದೂರದಲ್ಲಿ, ಅವನಿಗೆ ಎದೆ ಕೊಟ್ಟು ನಿಂತಿತು. ಪಾಲಯ್ಯ ಹೆದೆ ಎಳೆದ. ಬಿಡಲಿಲ್ಲ.

“ಹೊಡೆಯೋ! ನಿಂತಿದೆಯಲ್ಲೋ!” ಪಕ್ಕದವನು ಪಿಸುಗುಟ್ಟಿದ.

ಅವನು ಬಿಡಲಿಲ್ಲ. ಭುಜ ನಡುಗಲು ಶುರುವಾಯಿತು. ಹೆದೆ ಇಳಿಸಿದ. ಜಿಂಕೆ ಕಿವಿ ನಿಮಿರಿಸಿ, ತಿರುಗಿ, ಎರಡು ಹೆಜ್ಜೆ ಇಟ್ಟು, ಪಕ್ಕೆ ಕೊಟ್ಟು ನಿಂತಿತು. ಮತ್ತೆ ಎಳೆದ. ಬಿಟ್ಟ.

ಬಾಣ ಜಿಂಕೆಯನ್ನು ದಾಟಿ ಹೋಗಿ ಹಿಂದಿನ ಹುತ್ತಕ್ಕೆ ನಾಟಿತು. ಜಿಂಕೆ ಒಮ್ಮೆ ಹಾರಿ, ಪೊದೆಯೊಳಕ್ಕೆ ನುಗ್ಗಿ ಕಾಣೆಯಾಯಿತು.

ಎಲ್ಲರೂ ಓಡಿ ಬಂದರು. ಯಜಮಾನನೂ ಬಂಡೆ ಇಳಿದು ಬಂದ. ಹುತ್ತದಿಂದ ಬಾಣ ಕಿತ್ತು ನೋಡಿದ. ಗರಿಯವರೆಗೂ ರಕ್ತ.

“ಗಾಯವಂತೂ ಆಗಿದೆ. ಜಿಂಕೆ ಇಲ್ಲ. ಇಂಥ ಸೂಜಿಯಲ್ಲಿ ಚುಚ್ಚಿದರೆ ಇನ್ನೇನಾಗುತ್ತದೆ?” ಎಂದ. “ನಾಯಿ ಬಿಡಿ. ಸಿಗದಿದ್ದರೆ ಇದು ಮೂರನೆಯದು.”

“ನಾಯಿ ಬಿಡಬೇಡಿ,” ಎಂದ ಪಾಲಯ್ಯ. ಪೊದೆಗೂ ಅವರಿಗೂ ನಡುವೆ ಹೋಗಿ ನಿಂತ. “ಯಾರೂ ಒಳಗೆ ಹೋಗಬೇಡಿ. ಒಂದು ವೀಳ್ಯ ಹಾಕಿಕೊಳ್ಳುವಷ್ಟು ಹೊತ್ತು ಕೂತುಕೊಳ್ಳಿ.”

“ಕೂತರೆ ಅದು ಆಚೆ ಗುಡ್ಡ ಸೇರುತ್ತದೆ!”

“ಸೇರಿದರೆ ಬಿಲ್ಲು ತೆಗೆದುಕೊಳ್ಳಿ.”

ಯಜಮಾನ ಬಾಣವನ್ನು ಅವನ ಮುಖದ ಮುಂದೆ ಆಡಿಸಿದ. “ಗಂಡಸಿನ ಬಾಣಕ್ಕೆ ಈ ಅಲಗು ಯಾಕೆ ಕಟ್ಟಿದೆ? ಅದನ್ನು ಮೊದಲು ಹೇಳು.”

ಪಾಲಯ್ಯ ಸುತ್ತ ನೋಡಿದ. ಹತ್ತು ಬೇಟೆಗಾರರು, ಪೊದೆ ಬಡಿಯುವವರು, ಬೀಗರು, ನಂಟರು. ಇಷ್ಟು ದಿನ ಮಸಿ ಬಳಿದು ಮುಚ್ಚಿಟ್ಟದ್ದು ಬಾಯಿಗೆ ಬಂತು.

“ಈ ಬಿಲ್ಲು ಹೆರೆದದ್ದು ಯಜಮಾನರೇ. ಭುಜ ಮುರಿದ ಮೇಲೆ ನಾನೇ ಹೆರೆದೆ. ಇದಕ್ಕೆ ನಿಮ್ಮ ಮೂರು ಬೆರಳನ್ನು ಹೊರುವ ಶಕ್ತಿ ಇಲ್ಲ. ಇಲ್ಲ ಅಂತ ಗೊತ್ತಿದ್ದೂ ಎರಡು ಸಲ ಹೊಡೆದೆ. ಅದರಲ್ಲಿ ಒಂದು ಜಿಂಕೆ ಎಷ್ಟೋ ದಿನ ನರಳಿ ಸತ್ತ ಜಾಗವನ್ನು ನೋಡಿ ಬಂದಿದ್ದೇನೆ. ಬೇಕಾದರೆ ನಿಮಗೂ ತೋರಿಸುತ್ತೇನೆ.”

ಯಾರೂ ನಗಲಿಲ್ಲ. ಅವನು ನೆಲದ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚಿದ. ಸುಣ್ಣ ಅರ್ಧ ಪಂಚೆಗೆ ಬಿತ್ತು. ಒಬ್ಬೊಬ್ಬರಾಗಿ ಉಳಿದವರೂ ಕೂತರು. ಯಜಮಾನ ನಿಂತೇ ಇದ್ದ.

ವೀಳ್ಯ ಮುಗಿಸಿ, ಉಗಿದು, ಪಾಲಯ್ಯ ಎದ್ದ. ರಕ್ತದ ಜಾಡು ಹುಡುಕಬೇಕಾಗಿಯೇ ಇರಲಿಲ್ಲ. ಎಲೆ ಎಲೆಯ ಮೇಲೆ ಇತ್ತು, ನೊರೆ ನೊರೆಯಾಗಿ, ಶ್ವಾಸಕೋಶದ ರಕ್ತ. ಅರವತ್ತು ಹೆಜ್ಜೆ ನಡೆದರು. ಜಿಂಕೆ ಒಂದು ಕಾರೆ ಪೊದೆಯ ಕೆಳಗೆ ಮಲಗಿತ್ತು. ಕಾಲು ಕೆದರಿದ ಗುರುತಿರಲಿಲ್ಲ. ಪಕ್ಕದ ಹುಲ್ಲು ನೆಟ್ಟಗೆ ನಿಂತಿತ್ತು. ಇವರು ಬಾಣ ನೋಡಿ ಮಾತಾಡಲು ಶುರುಮಾಡುವ ಮೊದಲೇ ಅದರ ನೋವು ಮುಗಿದಿತ್ತು.

ಪಾಲಯ್ಯ ಜಿಂಕೆಯ ಹಣೆ ಮುಟ್ಟಿದ. ಇಪ್ಪತ್ತು ದಿನದ ಮೇಲೆ ಅವನಿಗೆ ಹಸಿವಾಯಿತು.

ಮರುದಿನ ಬೆಳಗ್ಗೆ ಕುಲುಮೆಯಕ್ಕ ಬಾಗಿಲು ತೆಗೆದರೆ, ಅಂಗಳದಲ್ಲಿ ಉಳಿದ ಹತ್ತು ಬೇಟೆಗಾರರೂ ಬಿಲ್ಲು ಹಿಡಿದು ನಿಂತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅವಳು ಒಂದೊಂದೇ ಬಿಲ್ಲಿನ ಹೊಟ್ಟೆಯ ಮೇಲೆ ಹೆಬ್ಬೆರಳು ಉಜ್ಜುತ್ತಾ ಬಂದಳು. ಹತ್ತರಲ್ಲಿ ಏಳು ಬಿಲ್ಲಿಗೆ ಮಸಿ ಬಳಿದಿತ್ತು.

ಒಬ್ಬನಿಗೆ ಸೊಂಟ ನೋವು, ಒಬ್ಬನಿಗೆ ವಯಸ್ಸು, ಒಬ್ಬ ಹುಟ್ಟಿನಿಂದಲೇ ಸಣಕಲ. ಏಳು ಜನ, ಏಳು ಮನೆಯ ಹಿಂದೆ, ಒಬ್ಬರಿಗೊಬ್ಬರು ತಿಳಿಯದಂತೆ ಹೆರೆದಿದ್ದರು. ಏಳು ಜನವೂ ಬೇರೆಯವನ ಅಲಗು ನೋಡಿ ನಕ್ಕಿದ್ದರು. ಒಂದು ಮನೆಯ ಬಾಗಿಲಿನ ಅಲಂಕಾರಕ್ಕೆ ಎಷ್ಟು ಜಿಂಕೆಗಳು ಯಾವ ಯಾವ ಕೊರಕಲಿನಲ್ಲಿ ನರಳಿದವೋ, ಯಾರು ಹೇಳಬೇಕು? ಆದರೆ ಅಂದಿನಿಂದ ಆ ಗುಡ್ಡದಲ್ಲಿ ನರಳುವುದು ಕಡಿಮೆಯಾಯಿತು. ಬೆರಳಿನ ಅಳತೆ ನಿಂತಿತು. ಬಿಲ್ಲು ಗಟ್ಟಿಯಿದ್ದ ಮೂವರಿಗೆ ಅವಳು ಅಗಲದ ಅಲಗನ್ನೇ ಕೊಟ್ಟಳು, ಇವರಿಗೆ ಇದೇ ಸರಿ ಎಂದಳು. ಉಳಿದವರಿಗೆ ಅವರವರ ಬಿಲ್ಲು ನೋಡಿ ಮಾಡಿದಳು. ಎರಡು ದಿನಕ್ಕೆ ನಿಲ್ಲುತ್ತಿದ್ದ ಹುಡುಕಾಟ, ಸಿಗುವವರೆಗೂ ನಡೆಯತೊಡಗಿತು. ಹೊಡೆದವನೊಬ್ಬನೇ ಅಲ್ಲ, ಇಡೀ ಹಟ್ಟಿಯೇ ಹೋಗುತ್ತಿತ್ತು.

ಯಜಮಾನ ಕುಲುಮೆಗೆ ಬರಲಿಲ್ಲ. ಅವನ ಬಾಗಿಲ ಮೇಲಿನ ಅಲಗು ಇನ್ನೂ ಅಲ್ಲೇ ಇರಬಹುದು. ಅದನ್ನು ಕೀಳುವ ಅಗತ್ಯವೂ ಯಾರಿಗೂ ಬೀಳಲಿಲ್ಲ.

ಗುರು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಅರಳಿತ್ತು. “ತಿಳಿಯಿತು ಗುರುಗಳೇ. ಎರವಲು ಸಿಡಿಲು ನನಗೆ ಬೇಡ. ನನ್ನ ಶಕ್ತಿಗೆ ತಕ್ಕ ಮಾತು, ಸಣ್ಣದು, ಹರಿತವಾದದ್ದು, ಅದನ್ನು ಕಟ್ಟಿಕೊಂಡು ನಾಳೆಯೇ ಹೋಗುತ್ತೇನೆ.”

ಗುರು ಎದ್ದು ಚಪ್ಪಲಿ ಮೆಟ್ಟಿಕೊಂಡರು.

“ಮಾತು ಆಮೇಲೆ ಆರಿಸೋಣ, ನೀನು ಎರಡು ಸಲ ಮಾತಾಡಿ ಬಂದ ಮರುದಿನ ಆ ಕೆಳಗಿನ ಕೇರಿಯಲ್ಲಿ ಮೇಲಿನ ಕೇರಿಯವರಿಂದ ಏಟು ತಿಂದವರು ಯಾರು ಯಾರು ಹೇಳು, ಈಗಲೇ ಇಬ್ಬರೂ ಅವರ ಮನೆಗೆ ಹೋಗೋಣ.”

ಶಿಷ್ಯ ಎದ್ದು ನಿಂತ. ಅವನಿಗೆ ಒಂದು ಹೆಸರೂ ಗೊತ್ತಿರಲಿಲ್ಲ.